ಆಯಿ ಕೈ ಮೇಲೆ ಬರೆಸಿಕೊಂಡ ಹೆಸರು

ಮೊನ್ನೆ ಮಗಳ ಗಂಟಲುನೋವಿಗೆ ಡಾಕ್ಟರು ಬರೆದುಕೊಟ್ಟ ಗುಳಿಗೆ ಬಿಡಿಸಿದೆ. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಸಗರದ ಆಯಿ ಕಣ್ಣ ಮುಂದೆ ಬಂದಳು...

ಶಿಕ್ಷಕಿಯಾಗಿ ನನ್ನ ಮೊದಲ ನೇಮಕ ಶಹಾಪುರದ ಹತ್ತಿರದ ಸಗರದಲ್ಲಿ. ಆಯಿಯ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅಕ್ಷರ ಬಾರದ ಆಯಿ ಒಂದಿಷ್ಟು ಕುರಿ ಸಾಕಿಕೊಂಡಿದ್ದಳು. ನಾನು ಶಾಲೆಗೆ ಹೊರಡುವ ಮುಂಚೆ ರೊಟ್ಟಿ, ಪುಂಡಿಪಲ್ಯ ತಂದಿಡುತ್ತಿದ್ದಳು. “ಖಾಲಿ ಹೊಟ್ಟೀಲೆ ಹುಡುಗರಿಗಿ ಏನ್ ಕಲಸ್ತೀರಿ ಅಕ್ಕೋರ? ಉಣ್ರಿ ಮೊದಲ.”

ಒಂದು ಬೆಳಿಗ್ಗೆ ಹಲ್ಲುನೋವಿಗೆ ಅವಳ ಗಲ್ಲ ಊದಿತ್ತು. ಹಿಂದೊಮ್ಮೆ ನನ್ನ ಜ್ವರಕ್ಕೆ ತಂದು ಉಳಿದಿದ್ದ ಗುಳಿಗೆಯೊಂದು ಚೀಲದಲ್ಲಿತ್ತು. ಓದಿದವಳೆಂಬ ಧೈರ್ಯದಲ್ಲಿ ಕೊಟ್ಟೆ. ಸ್ವಲ್ಪ ಹೊತ್ತಿಗೇ ಅಂಗೈ ಕೆರೆದುಕೊಳ್ಳತೊಡಗಿದಳು. ಮೈತುಂಬ ದದ್ದು ಎದ್ದವು, ತುಟಿ ದಪ್ಪಗಾಯಿತು, ಉಸಿರು ಸೀಟಿಯ ಹಾಗೆ ಸದ್ದು ಮಾಡಿತು. ಆಯಿಯ ಮಗಳು ಹೊಲಕ್ಕೆ ಹೋಗಿದ್ದಳು. ಪಕ್ಕದ ಮನೆಯವರ ಆಟೊದಲ್ಲಿ ಶಹಾಪುರಕ್ಕೆ ಓಡಿದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು...

ಇಂಜೆಕ್ಷನ್ ಬಿದ್ದ ಮೇಲೆ ಉಸಿರು ತಿರುಗಿತು.

“ಎಲ್ಲೋ ಒಬ್ಬೊಬ್ಬರಿಗಿ ಹಿಂಗ ಆಗ್ತದ. ಇದು ಪೆನಿಸಿಲಿನ್ ಜಾತಿ ಔಷಧ, ಇನ್ನ ಮುಂದ ಇವರಿಗಿ ಕೊಡಲೇಬಾರದು,” ಎಂದರು ಡಾಕ್ಟರು, ನಾವು ಒಯ್ದಿದ್ದ ಗುಳಿಗೆಯ ಖಾಲಿ ಕವಚ ನೋಡುತ್ತ. “ಯಾರ್ ಕೊಟ್ಟಾರ ಇದನ್ನ?”

ಊದಿದ ತುಟಿಯಲ್ಲೇ ಆಯಿ ಅಂದಳು: “ನಾನೇ ತಗೊಂಡೀನ್ರಿ.”

ಮುಂದಿನ ವಾರ ಹಚ್ಚೆ ಹಾಕುವವಳನ್ನು ಕರೆಸಿ, ನನ್ನ ಮುಂದೆ ಮುಂಗೈ ಚಾಚಿದಳು.

“ಡಾಕ್ಟರ್ ಚೀಟಿ ಎಲ್ಲರೆ ಕಳೀತದ್ರಿ. ಆ ಔಷಧದ ಹೆಸರ ಇಲ್ಲಿ ಬರೀರಿ. ಬಾಜೂಕ ‘ಬ್ಯಾಡ’ ಅಂತನೂ ಬರೀರಿ, ಇಲ್ಲಂದ್ರ ಅದನ್ನೇ ಕೇಳಾಕತ್ತಾಳ ಅಂತ ಕೊಟ್ಟಾರು!”

ಪೆನ್ನಿನಿಂದ ಎರಡನ್ನೂ ಬರೆದೆ, ಅಕ್ಷರ ಡೊಂಕಾದವು. ಆ ಡೊಂಕು ಅಕ್ಷರಗಳ ಮೇಲೆಯೇ ಸೂಜಿ ಓಡಿತು. ಆಮೇಲೆ ಕುರಿ ನೋಡಲು ಬರುವ ಡಾಕ್ಟರಿಗೂ ಅವಳು ಆ ಕೈ ತೋರಿಸಿ ನಗುತ್ತಿದ್ದಳು.

ಯಾದಗಿರಿಗೆ ವರ್ಗವಾಗಿ ಬಂದೆ. ಹೋದ ವರ್ಷ, ವಯಸ್ಸಾಗಿ, ಆಯಿ ತೀರಿಕೊಂಡಳು. ಮಣ್ಣಿಗೂ ಹೋಗಲಾಗಲಿಲ್ಲ. ಗುಳಿಗೆ ಕೊಟ್ಟವಳು ನಾನೆಂದು ಯಾರಿಗೂ ಹೇಳಿರಲಿಲ್ಲ.

ನಿನ್ನೆ ತಡೆಯಲಾರದೆ ಸಗರಕ್ಕೆ ಹೋಗಿ ಅವಳ ಮಗಳ ಮುಂದೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

“ನನಗ ಗೊತ್ತದರಿ ಅಕ್ಕೋರ. ‘ಅವರಾಗೇ ಒಂದಿನ ಹೇಳ್ತಾರ, ನೀ ಕೇಳಬ್ಯಾಡ’ ಅಂತಿದ್ದಳು ಅವ್ವ.”

ಎಷ್ಟು ವರ್ಷ ಕಾದಳೋ... ಹೇಳಿದೆನೇನೋ ನಿಜ. ಕೇಳಬೇಕಾದವಳು ಇರಲಿಲ್ಲ.