ಹೊಳೆಯಪ್ಪನೂ ವಿಮಾನದಲ್ಲಿ ಬಂದ ನಾಯಿಯೂ

ಗದಗಿನಲ್ಲಿ ವಿಮಾನ ಇಳಿಯುತ್ತಿರಲಿಲ್ಲ. ಆದರೂ ಸ್ಟೇಶನ್ ರಸ್ತೆಯಲ್ಲಿ ವಿಮಾನ ಕಂಪನಿಯೊಂದರ ಸಾಮಾನು ಕಚೇರಿ ಇತ್ತು. ಮುಂಬಯಿಯಿಂದ ಬೆಳಗಾವಿಗೆ ಹಾರಿಬಂದ ಪೆಟ್ಟಿಗೆಗಳು ಅಲ್ಲಿಂದ ಕಂಪನಿಯ ಮೋಟಾರಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಅವುಗಳನ್ನು ಇಳಿಸಿ, ಕಾಯ್ದು, ಒಡೆಯರಿಗೆ ಒಪ್ಪಿಸುವ ಜವಾನನೇ ನಮ್ಮ ಹೊಳೆಯಪ್ಪ. ಮುಂಡರಗಿಯ ಕಡೆಯವನು, ಹತ್ತಿರದ ಸಂಸ್ಥಾನದ ಗಡಿಯ ಗಲಭೆಯ ಸುದ್ದಿಗೆ ಹೆದರಿ ಹೆಂಡತಿ ಸಿದ್ದಲಿಂಗವ್ವನೊಡನೆ ಊರು ಬಿಟ್ಟು ಬಂದಿದ್ದನು.

ಆತನ ಮನೆತನಕ್ಕೊಂದು ನೇಮವಿತ್ತು. ಹತ್ತಿರದಲ್ಲಿ ಹಸಿದ ಜೀವವಿರುವಾಗ ಅದಕ್ಕೆ ಮೊದಲ ತುತ್ತು ಕೊಡದೆ ತಾವು ಉಣ್ಣಲಾಗದು. ಎತ್ತಾಗಲಿ, ಕಾಗೆಯಾಗಲಿ, ದಾರಿಹೋಕನಾಗಲಿ, ಅದರಲ್ಲಿ ಭೇದವಿಲ್ಲ. ಶಿವನು ಹಸಿವಿನ ರೂಪದಲ್ಲಿ ಎದುರಿಗೆ ಕುಳಿತಿರುತ್ತಾನೆಂದು ಆತನ ತಾಯಿ ಕಲಿಸಿದ್ದಳು. ಬಂಧುಗಳೇ, ಇಂಥ ಪುಣ್ಯದ ನೇಮವೇ ಒಂದು ದಿನ ಆತನನ್ನು ಗಡಗಡ ನಡುಗಿಸಿತು.

ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ವರ್ಷದ ಬೇಸಿಗೆ. ಬೆಳಗಿನ ಮೋಟಾರಿನಲ್ಲಿ ಪಟ್ಟಿ ಬಡಿದ ಕಟ್ಟಿಗೆಯ ಪೆಟ್ಟಿಗೆಯೊಂದು ಬಂದಿತು. ಒಳಗೆ ಕೆಂಚು ಬಣ್ಣದ ದೊಡ್ಡ ನಾಯಿ. ಚೀಟಿಯಲ್ಲಿದ್ದ ಹೆಸರು ಲಕ್ಷ್ಮೇಶ್ವರದ ಮಹಬೂಬಸಾಬನದು. ಆತನು ಮುಂಬಯಿಯಲ್ಲಿ ಇಂಗ್ಲಿಷ್ ಅಧಿಕಾರಿಯೊಬ್ಬರ ಮನೆಯ ಅಡಿಗೆಯವನಾಗಿದ್ದು, ಒಂದು ಕಾಲು ಸೋತುಹೋದ ಮೇಲೆ ಊರು ಸೇರಿದ್ದನು. ಆ ಅಧಿಕಾರಿ ಸ್ವದೇಶಕ್ಕೆ ಹೊರಡುವಾಗ, ಅಡಿಗೆಯವನು ಮರಿಯಿಂದ ಸಾಕಿದ್ದ ನಾಯಿಯನ್ನು ವಿಮಾನದಲ್ಲಿ ಕಳಿಸಿಕೊಟ್ಟಿದ್ದರು.

ನಡುಹಗಲಿಗೆ ಹೊಳೆಯಪ್ಪ ಬುತ್ತಿ ಬಿಚ್ಚಿದನು. ನಾಯಿ ನಾಲಿಗೆ ಚಾಚಿ ತೇಕುತ್ತಿತ್ತು, ಬಾಯಲ್ಲಿ ನೊರೆ. ಪಟ್ಟಿಗಳ ಸಂದಿಯಿಂದ ತೂರಿಸಿದ ರೊಟ್ಟಿಯನ್ನು ಮೂಸಲೂ ಇಲ್ಲ. ಅದು ಉಣ್ಣದೆ ಆತನು ಉಣ್ಣುವಂತಿಲ್ಲ. ನೀರಿನ ಬಟ್ಟಲು ಸಂದಿಯಲ್ಲಿ ಹಿಡಿಸುವಂತಿಲ್ಲ. ಆತನು ಪೆಟ್ಟಿಗೆಯ ಬಾಗಿಲ ಅಗುಳಿ ಸರಿಸಿ ಗೇಣಗಲ ತೆರೆದನು. ಮರುಕ್ಷಣ ಬಟ್ಟಲು ಉರುಳಿತು, ಆತನೂ ಉರುಳಿದನು, ನಾಯಿ ಪಕ್ಕದ ಬೆಟಗೇರಿಯ ದಿಕ್ಕಿಗೆ ಓಡಿ ಮಾಯವಾಯಿತು.

ಅದೇ ವಾರ ಬೆಟಗೇರಿಯಲ್ಲಿ ಹುಚ್ಚುನಾಯಿ ಇಬ್ಬರನ್ನು ಕಚ್ಚಿತ್ತು. ಓಣಿಯ ಜನ ಬಡಿಗೆ ಹಿಡಿದೇ ಹೊರಬೀಳುತ್ತಿದ್ದರು. ನೊರೆಬಾಯಿಯ ಅಪರಿಚಿತ ನಾಯಿ ಅವರ ಕೈಗೆ ಸಿಕ್ಕರೆ ಏನಾದೀತೆಂದು ನೆನೆದು ಹೊಳೆಯಪ್ಪ ಅದು ಓಡಿದ ದಾರಿಯನ್ನೇ ನೋಡುತ್ತ ನಿಂತನು.

ಕಚೇರಿಯ ಏಜಂಟ ಲಕ್ಕಪ್ಪ ಓಡಿಬಂದು ಆತನನ್ನು ಒಳಗೆಳೆದು ಬಾಗಿಲು ಮುಚ್ಚಿದನು.

"ಲೇ ಹೊಳೆಯಪ್ಪಾ, ಬಾಯಿ ಬಿಟ್ಟೀ ಜ್ವಾಕಿ! ಚೀಟಿ ಹಿಂದ ಏನ್ ಛಾಪಿಸ್ಯಾರ ಗೊತ್ತೈತೇನು? ಜೀವಂತ ಪ್ರಾಣಿ ಕಳದ್ರ ಕಂಪನಿ ಹೊಣಿ ಅಲ್ಲ ಅಂತ. ಪೆಟ್ಟಿಗಿ ಖಾಲೀನ ಬಂತು ಅಂದ್ರ ಆತು. ನಿನ್ನ ಕೈಯಾಗ ತಪ್ಪಿಸಿಕೊಂತು ಅಂದಿ ಅಂದ್ರ, ನಿನ್ನ ನೌಕರಿ ಹೋತು."

"ಸುಳ್ಳಾಗತೈತಲ್ರೀ, ಸಾಹೇಬ್ರ..."

"ಖರೆ ಹೇಳಿ ನಾಳೆ ಏನ್ ಉಣ್ತೀ? ನಾಯಿ ಹೆಂಗೂ ಹೋತು!" ಎಂದು ಲಕ್ಕಪ್ಪ ತಾನೇ ಪೆಟ್ಟಿಗೆಯ ಒಂದು ಪಟ್ಟಿಯನ್ನು ಕಿತ್ತು ಮುರಿದಿಟ್ಟನು.

ಮೂರು ಗಂಟೆಯ ಹೊತ್ತಿಗೆ, ಲಕ್ಷ್ಮೇಶ್ವರದಿಂದ ಮುಳಗುಂದದ ಮೇಲೆ ಹಾಯ್ದು ಬರುವ ಬಸ್ಸಿನಿಂದ ಮಹಬೂಬಸಾಬ ಕೋಲೂರಿ ಇಳಿದನು. ಮುಖದ ತುಂಬ ನಗೆ.

"ಸಲಾಂ ರೀ! ಇಪ್ಪತ್ತು ವರ್ಸ ನಾನು ರೈಲಿನ್ಯಾಗ ನಿಂತ್ಕೊಂಡ ಅಡ್ಡ್ಯಾಡಿದೆ. ನಮ್ಮ ರುಸ್ತುಂ ನೋಡ್ರಿ, ಮುಗಲಾಗ ಹಾರಿ ಬಂದಾನ! ಎಲ್ಲಿ ಅದಾನ್ರೀ ನವಾಬ?"

ಲಕ್ಕಪ್ಪ ಮುರಿದ ಪಟ್ಟಿಯನ್ನು ತೋರಿಸಿದನು. ಬೆಳಗಾವಿಯಲ್ಲೇ ತಪ್ಪಿಸಿಕೊಂಡಿರಬೇಕು ಎಂದನು. ಮುದುಕನ ನಗೆ ಆರಿತು. ಖಾಲಿ ಪೆಟ್ಟಿಗೆಯೊಳಗೆ ಕೈಯಾಡಿಸಿ, ಅಂಟಿದ್ದ ಕೆಂಚು ಕೂದಲನ್ನು ಬೆರಳಲ್ಲಿ ಹಿಡಿದು ಕೇಳಿದನು:

"ಇದಕ್ಕ ಹೊಣಿ ಯಾರ್ರೀ?"

"ಚೀಟಿ ಓದಿಸ್ಕೊಳ್ರಿ. ಕಂಪನಿ ಅಲ್ಲ."

"ಕಂಪನಿ ಅಲ್ಲ. ನೀವೂ ಅಲ್ಲ. ಹಂಗಾರ ನಾಯಿದ ತಪ್ಪು ಅನ್ರಿ."

ಆತನು ತಿರುಗಿ ಬಸ್ಸಿನ ಕಡೆಗೆ ಹೆಜ್ಜೆ ಹಾಕಿದನು. ಹೊಳೆಯಪ್ಪ ಕಂಬಕ್ಕೆ ಒರಗಿ ನಿಂತಿದ್ದನು. ಈ ಮುದುಕನ ದನಿಯೊಂದನ್ನೇ ಆ ನಾಯಿ ಬಲ್ಲದು; ಬಸ್ಸು ಹೊರಟರೆ ಆ ದನಿಯೂ ಹೊರಟುಹೋಗುತ್ತದೆ. ಬಾಯಿ ತೆರೆದರೆ ಅನ್ನ ಹೋಗುತ್ತದೆ. ಅಷ್ಟರಲ್ಲಿ ಬೆಟಗೇರಿಯ ಕಡೆಯಿಂದ ಕೂಗು ಕೇಳಿಬಂದಿತು: "ಹುಚ್ಚುನಾಯಿ! ಹುಚ್ಚುನಾಯಿ! ಬಡೀರಿ!"

ಆ ಕ್ಷಣದಲ್ಲಿ ಅಂತರ್ಯಾಮಿಯಾದ ಪರಮಾತ್ಮನು ಆತನ ನಾಲಿಗೆಯ ಗಂಟನ್ನು ಬಿಚ್ಚಿದನೆಂದೇ ನಾನು ನಂಬುತ್ತೇನೆ.

"ಚಾಚಾ, ನಿಂದರ್ರೀ! ನಾಯಿ ಇಲ್ಲೇ ಐತಿ. ನಾನ ಬಾಗಿಲಾ ತಗದೆ. ತಪ್ಪು ನಂದು. ಅದನ್ನ ಕೊಲ್ತಾರ, ಬರ್ರಿ!"

ಲಕ್ಕಪ್ಪ ಹಲ್ಲು ಕಡಿದನು. ಮಹಬೂಬಸಾಬನ ಕಾಲು ನಾಲ್ಕು ಹೆಜ್ಜೆಗೇ ತಡವರಿಸಿತು. ಹೊಳೆಯಪ್ಪ ಪೆಟ್ಟಿಗೆ ಹೊರುವಂತೆ ಆತನನ್ನು ಬೆನ್ನ ಮೇಲೆ ಹೊತ್ತು, ಉರಿಬಿಸಿಲಿನಲ್ಲಿ ಓಡಿದನು.

ನೇಕಾರರ ಓಣಿಯಲ್ಲಿ ಒಂದು ಮನೆಯ ಮುಂದೆ ಬಡಿಗೆ, ಒನಕೆಗಳ ಗುಂಪು. ನಾಯಿ ಒಳಗೆ ನುಗ್ಗಿ, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಲ್ಲಿ ಅಡಗಿತ್ತು. ಕತ್ತಲ ಕುಣಿಯಿಂದ ಗುರುಗುಟ್ಟುವ ಸದ್ದು.

ಹೊಳೆಯಪ್ಪ ಹೊಸ್ತಿಲಿಗೆ ಅಡ್ಡ ನಿಂತನು.

"ಹುಚ್ಚು ಅಲ್ರೀ ಅದು, ನೀರಡಿಸೈತಿ. ಒಡ್ಯ ಬಂದಾನ. ಒಂದೀಟು ತಡೀರಿ ಯಪ್ಪಾ."

"ಸರೀಲೇ! ಕಚ್ಚಿದ್ರ ನಾಳೆ ನೀನೂ ಬೊಗಳ್ತಿ!" ಎಂದೊಬ್ಬನು ಒನಕೆ ಎತ್ತಿದನು.

"ಬೊಗಳಿದ್ರ ನನ್ನೂ ಬಡೀರಿ. ಈಗ ತಡೀರಿ."

ಮಹಬೂಬಸಾಬ ನೆಲದ ಮೇಲೆ ತೆವಳುತ್ತ ಕುಣಿಯ ಅಂಚಿಗೆ ಹೋದನು. "ರುಸ್ತುಂ, ಆಜಾ ಬೇಟಾ, ಬಾ" ಎಂದನು. ಗುರುಗುಟ್ಟುವಿಕೆ ಇನ್ನೂ ಜೋರಾಯಿತು. ಹೊರಗಿನವರು ಒಂದು ಹೆಜ್ಜೆ ಒಳಗಿಟ್ಟರು. ಆತನು ಕೋಲು ದೂರ ಎಸೆದು ಎರಡೂ ಬರಿಗೈಗಳನ್ನು ಕತ್ತಲೆಯೊಳಗೆ ಇಳಿಸಿ ಮತ್ತೆ ಕರೆದನು. ಹೊಳೆಯಪ್ಪ ಕಣ್ಣು ಮುಚ್ಚಿ ಶಿವನಾಮ ಹಿಡಿದನು. ಕಣ್ಣು ತೆರೆದಾಗ ನಾಯಿ ಹರಿದ ನೂಲೆಳೆಗಳನ್ನು ಮೈಗೆ ಸುತ್ತಿಕೊಂಡು, ಹೊಟ್ಟೆಯ ಮೇಲೆ ತೆವಳಿಕೊಂಡು ಬಂದು ಮುದುಕನ ತೊಡೆಯಲ್ಲಿ ಮುಖ ಹುದುಗಿಸಿತ್ತು. ಮನೆಯ ನೇಕಾರನೇ ಒಂದು ಪರಾತ ನೀರು ತಂದಿಟ್ಟನು. ಅದು ತಲೆಯೆತ್ತದೆ ಕುಡಿಯಿತು. ಒನಕೆಗಳು ಒಂದೊಂದಾಗಿ ಕೆಳಗಿಳಿದವು.

ಸಂಜೆ ಕಚೇರಿಯಲ್ಲಿ ಮಹಬೂಬಸಾಬ ನಾಯಿ ಮುಟ್ಟಿತೆಂದು ಸಹಿ ಮಾಡುವ ಮುನ್ನ, ನಡೆದದ್ದನ್ನೆಲ್ಲ ಚೀಟಿಯ ಮೇಲೆ ಬರೆಯಬೇಕೆಂದು ಹಟ ಹಿಡಿದನು. ಜವಾನನನ್ನು ಕೆಲಸದಿಂದ ಬಿಡಿಸಬಾರದೆಂದೂ ಬರೆಸಿದನು. ಹದಿನೈದು ದಿನಕ್ಕೆ ಕಂಪನಿಯ ಉತ್ತರ ಬಂದಿತು: ನಾಯಿಗೆ ಕಂಪನಿ ಹೊಣೆಯಲ್ಲ, ಅಗುಳಿ ತೆಗೆದ ಜವಾನನನ್ನು ಕೆಲಸದಿಂದ ತೆಗೆಯಲಾಗಿದೆ.

ಹೊಳೆಯಪ್ಪ ಆ ಸುದ್ದಿಯನ್ನು ಮನೆಗೆ ಒಯ್ಯಲು ಹೆದರಿ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದನು. ಕೊನೆಗೆ ಸಿದ್ದಲಿಂಗವ್ವನೇ ಹೊರಗೆ ಬಂದಳು. ಎಲ್ಲವನ್ನೂ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಆ ಮುದುಕನ್ನ ಬಸ್ಸಿಗೆ ಹತ್ತಿಸಿ ಸುಮ್ಮನ ಬಂದಿದ್ರ, ಇವತ್ತ ನಿನ್ನ ಮಾರಿ ನೋಡಾಕ ನನಗ ಅಂಜಿಕಿ ಆಕ್ಕಿತ್ತು. ಬಾ, ಕೈಕಾಲು ತೊಳಕೋ."

ಮರುದಿನ ಬೆಳಗ್ಗೆ ಆತನು ಹೆಗಲಿಗೊಂದು ಗೋಣಿಚೀಲ ಹಾಕಿಕೊಂಡು, ಹತ್ತಿಯ ಪೇಟೆಯ ಹಮಾಲರ ಸಾಲಿನಲ್ಲಿ ಕಡೆಯವನಾಗಿ ಹೋಗಿ ನಿಂತನು.