ನಾಗಮ್ಮನ ಪಾಲು

ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ, ಹಾಕಿಕೊಂಡು, ನಡುವೆ ಬೆರಳಿನಿಂದ ಒಂದು ಕುಳಿ ಮಾಡಿ, ಅದರೊಳಗೆ ಕುಸುಬಿ ಎಣ್ಣೆ ಸುರಿದುಕೊಳ್ಳುವುದು ನಮ್ಮ ಶಹಾಪುರದ ಕಡೆಯ ಊಟದ ಮೊದಲ ಸುಖ. ಗಾಣದಿಂದ ಆಗಷ್ಟೇ ಬಂದ ಎಣ್ಣೆಗೆ ಒಂದು ಹಸಿ ಘಾಟು ಇರುತ್ತದೆ. ಕೆಲವರಿಗೆ ಅದು ಸೇರುವುದಿಲ್ಲ, ನನಗೆ ಅದಿಲ್ಲದೆ ತುತ್ತು ಇಳಿಯುವುದಿಲ್ಲ. ಆ ಎಣ್ಣೆಯನ್ನು ನಾನು ಕೊಳ್ಳುವುದು ದೋರನಹಳ್ಳಿಯ ಮಹಾದೇವಿಯಿಂದ. ಅವಳ ಗಾಣದ ಕಥೆ ಹೇಳಹೊರಟರೆ ಅದು ನನ್ನ ವೃತ್ತಿಯ ಕಥೆಯಾಗುತ್ತದೆ, ನಾನು ಇದುವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳದ ಒಂದು ತಪ್ಪಿನ ಕಥೆಯೂ ಆಗುತ್ತದೆ. ನೀವು ಕೇಳುವಿರಾದರೆ ಹೇಳುತ್ತೇನೆ.

ನಾನು ಶಹಾಪುರದ ಒಂದು ಪುಟ್ಟ ಸಹಕಾರಿ ಬ್ಯಾಂಕಿನಲ್ಲಿ ವ್ಯವಸ್ಥಾಪಕಿ. ಕೆಲವು ವರ್ಷಗಳ ಹಿಂದೆ ಮಹಾದೇವಿ ಎರಡನೆಯ ಗಾಣಕ್ಕೆಂದು ಸಾಲ ಕೇಳಿ ಬಂದಳು. ಗಂಡ ಹೆಂಡಿರಿಬ್ಬರೂ ದುಡಿಯುವವರು. ಇದ್ದೊಂದು ಗಾಣದ ಮುಂದೆ ರೈತರು ಕುಸುಬಿ ಚೀಲ ಇಟ್ಟುಕೊಂಡು ಎರಡೆರಡು ದಿನ ಕಾಯುತ್ತಿದ್ದರು. ಕಾಗದಪತ್ರ ಎಲ್ಲ ಸರಿಯಾಗಿತ್ತು. ಆದರೂ ನಾನು ಇಲ್ಲ ಎಂದೆ. ಅವಳು ಸಿಟ್ಟಾಗಲಿಲ್ಲ, ಎದ್ದೂ ಹೋಗಲಿಲ್ಲ.

"ಮಂದಿ ರೊಕ್ಕ ತಂದು ತಂದು ಇಡಾಕತ್ತಾರ, ತಿಜೋರಿ ತುಂಬ್ಯಾದ. ಮತ್ತ ಕೊಡಾಕ ಯಾಕ ಆಗಲ್ರಿ ಅಕ್ಕಾರ?" ಎಂದು ಕೇಳಿದಳು.

ನ್ಯಾಯವಾದ ಪ್ರಶ್ನೆ. ತಿಜೋರಿಯಲ್ಲಿದ್ದದ್ದು ಠೇವಣಿ, ಅಂದರೆ ಊರವರ ಹಣ. ಕೊಟ್ಟ ಸಾಲ ಮುಳುಗಿದರೆ ಆ ಪೆಟ್ಟು ಊರವರಿಗೆ ತಗಲಬಾರದು, ಮೊದಲು ಬ್ಯಾಂಕಿನ ಸ್ವಂತ ಬಂಡವಾಳಕ್ಕೆ ತಗಲಬೇಕು. ಆದ್ದರಿಂದ ಆ ಬಂಡವಾಳ ಎಷ್ಟಿದೆಯೋ ಅದರ ಅಳತೆ ಮೀರಿ ಸಾಲ ಕೊಡಕೂಡದು ಎಂಬುದು ನಿಯಮ. ನಮ್ಮಂಥ ಬ್ಯಾಂಕಿಗೆ ಸ್ವಂತದ್ದೆಂದರೆ ಸದಸ್ಯರು ಕೊಂಡ ಷೇರು, ಕೂಡಿಟ್ಟ ಲಾಭ, ಅಷ್ಟೇ. ಹಿಂದೆ ಕೊಟ್ಟ ನಾಲ್ಕಾರು ದೊಡ್ಡ ಸಾಲಗಳು ಮುಳುಗಿ ಅದನ್ನು ತಿಂದುಹಾಕಿದ್ದವು. ಬಂಡವಾಳ ಬಯಲಾಗುವುದು ಎಂಬ ಮಾತಿನ ಅರ್ಥ ಆ ವರ್ಷ ನನಗೆ ಪೂರ್ತಿಯಾಗಿ ತಿಳಿಯಿತು. ನಿಯಮವನ್ನು ನಾನು ಆಗಲೂ ಬೈಯಲಿಲ್ಲ, ಈಗಲೂ ಬೈಯಲಾರೆ. ನಮ್ಮ ತಂದೆ ಠೇವಣಿ ಇಟ್ಟಿದ್ದ ಬ್ಯಾಂಕೊಂದು ಮುಚ್ಚಿದಾಗ ಅವರು ಅದರ ಬಾಗಿಲ ಮುಂದೆ ಬಿಸಿಲಲ್ಲಿ ನಿಂತದ್ದನ್ನು ಕಂಡವಳು ನಾನು.

ಇಷ್ಟನ್ನೂ ಬಿಡಿಸಿ ಹೇಳಿದೆ. ನಮ್ಮ ನಿರ್ದೇಶಕರಿಗೆ ಮೂರು ಸಭೆಗಳಲ್ಲಿ ತಲೆಗೆ ಹೋಗದ್ದು ಮಹಾದೇವಿಗೆ ಒಂದೇ ಸಲಕ್ಕೆ ಹೋಯಿತು. ಷೇರು ಕೊಳ್ಳುವವರನ್ನು ನಾನೇ ಹುಡುಕುತ್ತೇನೆ, ನೀವು ಒಂದು ದಿನ ಊರಿಗೆ ಬಂದು ತಿಳಿಸಿ ಹೇಳಿ ಎಂದಳು.

ಹೋದೆ. ಸಮುದಾಯ ಭವನದಲ್ಲಿ ಸೇರಿದ್ದವರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದವಳು ನಾಗಮ್ಮ. ಅಂಗನವಾಡಿಯಲ್ಲಿ ಸಹಾಯಕಿಯಾಗಿ ಊರಿನ ಅರ್ಧ ಮಕ್ಕಳಿಗೆ ಉಣಿಸಿದವಳು, ಒಂಟಿ ಜೀವ. ನಿವೃತ್ತಿಯಾದಾಗ ಬಂದ ಹಣವೇ ಅವಳ ಗಂಟು. ನಾನು ಬ್ಯಾಂಕು ನಿಮ್ಮದಾಗುತ್ತದೆ ಎಂದೆ, ನಿಮ್ಮ ಪಾಲಿನಿಂದ ನಿಮ್ಮೂರಿನ ಗಾಣ ತಿರುಗುತ್ತದೆ ಎಂದೆ. ಷೇರಿನ ಹಣ ಠೇವಣಿಯಂತಲ್ಲ, ಬೇಕೆಂದಾಗ ತೆಗೆಯಲು ಬರುವುದಿಲ್ಲ ಎಂದೂ ಹೇಳಿದೆ. ಆದರೆ ಗಾಣದ ಮಾತನ್ನು ಹಿಗ್ಗಿ ಹಿಗ್ಗಿ ಹೇಳಿದವಳು ಈ ಮಾತನ್ನು, ಮದ್ದಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರವನ್ನು ಓದಿ ಮುಗಿಸುವವರಂತೆ, ಒಂದೇ ಉಸಿರಿನಲ್ಲಿ ಹೇಳಿ ದಾಟಿಬಿಟ್ಟೆ. ನಾಗಮ್ಮ ತನ್ನ ಗಂಟನ್ನೆಲ್ಲ ಷೇರಿಗೆ ಹಾಕಿದಳು.

ಗೋಗಿ, ಸುರಪುರದ ಕಡೆಯೂ ಜನ ಸದಸ್ಯರಾದರು. ಬಂಡವಾಳ ಬೆಳೆಯಿತು, ಸಾಲದ ಬಾಗಿಲು ತೆರೆಯಿತು, ಮಹಾದೇವಿಯ ಎರಡನೆಯ ಗಾಣ ತಿರುಗಿತು. ವಾರ್ಷಿಕ ಸಭೆಯಲ್ಲಿ ನನಗೆ ಶಾಲು ಹೊದಿಸಿದರು.

ಎರಡು ವರ್ಷ ಕಳೆದಿರಬೇಕು, ಒಂದು ಬೆಳಿಗ್ಗೆ ನಾಗಮ್ಮ ಬಂದಳು. ಅವಳು ಹರೆಯದಿಂದ ಬಾಡಿಗೆಗಿದ್ದ ಕೋಣೆಯನ್ನು ಮಾಲೀಕರು ಮಾರಲು ಹೊರಟಿದ್ದರು. ನಿನಗೆ ಬೇಕಾದರೆ ಹದಿನೈದು ದಿನ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಎಂದಿದ್ದರು. ಪ್ಲಾಸ್ಟಿಕ್ ಚೀಲದಿಂದ ಷೇರಿನ ಪತ್ರ ತೆಗೆದು, ಕೈಯಿಂದ ಒರೆಸಿ, ನನ್ನ ಮೇಜಿನ ಮೇಲಿಟ್ಟಳು.

ಆ ಹೊತ್ತಿಗೆ ನಾವು ಕೊಟ್ಟ ಹೊಸ ಸಾಲಗಳಲ್ಲೇ ಕೆಲವು ವಸೂಲಾಗದೆ ನಮ್ಮನ್ನು ಮತ್ತೆ ಅಳತೆಯ ಕೆಳಗೆ ಎಳೆದಿದ್ದವು. ಬಂಡವಾಳ ಅಳತೆಗೆ ಕಡಿಮೆಯಿರುವಾಗ ಯಾವ ಸದಸ್ಯರಿಗೂ ಷೇರಿನ ಹಣ ಹಿಂತಿರುಗಿಸುವಂತಿಲ್ಲ. ಅದನ್ನು ಹೇಳಿದೆ, ಈ ಸಲ ನಿಧಾನವಾಗಿ.

"ಇದು ನಂದ ರೊಕ್ಕ ಹೌದಲ್ಲೇನವ್ವಾ?" ಎಂದು ಕೇಳಿದಳು. ಹೌದು ಎಂದೆ.

ಸಂಜೆ ಅವಳ ಕೋಣೆಗೆ ಹೋಗಿ, ನನ್ನ ಉಳಿತಾಯದಿಂದ ಅಷ್ಟು ಹಣ ಕೊಡುತ್ತೇನೆ, ಅನುಕೂಲವಾದಾಗ ಕೊಡು ಎಂದೆ. "ನಿನ್ನ ರೊಕ್ಕ ನನಗ ಯಾಕ? ನಂದು ನನಗ ಕೊಡು," ಎಂದಳು. ಸುದ್ದಿ ತಿಳಿದು ಮಹಾದೇವಿಯೂ ಕೈಗಡ ಕೊಡಲು ಹೋಗಿ ಇದೇ ಉತ್ತರ ಪಡೆದು ಬಂದಳು. ಆಗ ಉಳಿದದ್ದು ಒಂದೇ ದಾರಿ: ಒಬ್ಬ ಸದಸ್ಯರ ಷೇರನ್ನು ಇನ್ನೊಬ್ಬರು ಕೊಳ್ಳಬಹುದು, ಅದರಿಂದ ಬಂಡವಾಳ ಕದಲುವುದಿಲ್ಲ. ಮಹಾದೇವಿ ನಾಗಮ್ಮನ ಪಾಲನ್ನು ತಾನು ಕೊಳ್ಳುತ್ತೇನೆಂದು ಅರ್ಜಿ ಬರೆದುಕೊಟ್ಟಳು. ಅದಕ್ಕೆ ಆಡಳಿತ ಮಂಡಳಿ ಒಪ್ಪಬೇಕು. ನಾನು ಒಬ್ಬೊಬ್ಬರಿಗೂ ಫೋನು ಮಾಡಿ ತುರ್ತು ಸಭೆ ಕರೆದೆ. ಮದುವೆಯ ದಿನಗಳು, ಬೇಕಾದಷ್ಟು ಮಂದಿ ಸೇರಲಿಲ್ಲ. ಎರಡನೆಯ ಸಭೆಯಲ್ಲಿ ಒಪ್ಪಿಗೆ ಸಿಕ್ಕಿತು. ಹಣ ನಾಗಮ್ಮನ ಖಾತೆಗೆ ಬಿದ್ದದ್ದು ಹತ್ತೊಂಬತ್ತನೆಯ ದಿನ. ಕೋಣೆಯನ್ನು ಗೊಬ್ಬರದ ಅಂಗಡಿಯವರು ಗೋದಾಮಿಗೆಂದು ಕೊಂಡು ಆಗಲೇ ಮೂರು ದಿನವಾಗಿತ್ತು.

ಊರ ಇನ್ನೊಂದು ತುದಿಯಲ್ಲಿ ಅವಳಿಗೆ ಬಾಡಿಗೆಗೆ ಬೇರೆ ಮನೆ ಸಿಕ್ಕಿತು. ನೋಡಲು ಹೋದೆ. ಚಹಾ ಕೊಟ್ಟಳು, ಬೈಯುತ್ತಾಳೇನೋ ಎಂದು ಕಾದೆ, ಬೈಯಲಿಲ್ಲ. ನಾನು ಅಂದು ಸಭೆಯಲ್ಲಿ ಹೇಳಿದ್ದೆನಲ್ಲ ಎಂಬ ಮಾತು ನನ್ನ ಗಂಟಲಿನವರೆಗೆ ಬಂದಿತ್ತು. ಅದು ಅವಳಿಗೆ ಕೇಳಿಸಿತೋ ಏನೋ.

"ನೀ ಸುಳ್ಳು ಹೇಳಿಲ್ಲ ಬಿಡವ್ವಾ. ನನಗ ತಿಳದದೋ ಇಲ್ಲೋ, ಅದನ್ನ ನೀ ಕೇಳಲಿಲ್ಲ, ಅಷ್ಟ," ಎಂದಳು.

ಬ್ಯಾಂಕಿನ ನಿಯಮಗಳು ನನ್ನಿಂದ ಬಯಸಿದ್ದನ್ನೆಲ್ಲ ನಾನು ಮಾಡಿದ್ದೆ. ಅವಳು ಹೇಳಿದ ಆ ಒಂದನ್ನು ಯಾವ ನಿಯಮವೂ ಬಯಸಿರಲಿಲ್ಲ. ಠೇವಣಿ ಇಟ್ಟ ನೂರಾರು ಜನರ ನೆಮ್ಮದಿಗಾಗಿ ಯಾರದೋ ಕೆಲವರ ಹಣ ಅಲುಗಾಡದೆ ಕೂತಿರಬೇಕು ಎಂಬುದು ನಿಜ. ಆದರೆ ಕೂರುವ ಹಣದ ಹಿಂದೆ ನಿಂತೇ ಇರುವ ಮನುಷ್ಯರೊಬ್ಬರು ಇರುತ್ತಾರೆ, ಅವರಿಗೆ ಅದು ಗೊತ್ತಿರಬೇಕು ಎಂಬುದೂ ಅಷ್ಟೇ ನಿಜ.

ಈಗ ಷೇರು ಕೊಳ್ಳಲು ಬಂದವರನ್ನು ನಾನು ಎದುರಿಗೆ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ, ಆಮೇಲೆ ಅವರ ಬಾಯಿಂದಲೇ ಅದನ್ನು ಹೇಳಿಸುತ್ತೇನೆ. ಕೆಲವರು ಸಹಿ ಹಾಕುತ್ತಾರೆ. ಬಹಳ ಮಂದಿ ಯೋಚಿಸಿ ಬರುತ್ತೇನೆ ಎಂದು ಎದ್ದುಹೋಗುತ್ತಾರೆ, ಮರಳಿ ಬರುವುದಿಲ್ಲ. ಬಂಡವಾಳ ನಿಧಾನವಾಗಿ ಬೆಳೆಯುತ್ತಿದೆ ಎಂದು ನಿರ್ದೇಶಕರು ಗೊಣಗುತ್ತಾರೆ. ಹೀಗೆ ಒಬ್ಬೊಬ್ಬರು ಎದ್ದುಹೋದಾಗಲೂ ಎಲ್ಲೋ ಯಾರಿಗೋ ಸಿಗಬೇಕಾದ ಒಂದು ಸಾಲ ನಿಲ್ಲುತ್ತದೆಂದು ನನಗೆ ಗೊತ್ತು. ಕಳೆದ ವಾರ ಸಾಲ ಕೇಳಿ ಬಂದ ಮುದನಾಳದ ಯುವತಿಯೊಬ್ಬಳಿಗೆ, ಮಹಾದೇವಿಗೆ ಹೇಳಿದಂತೆಯೇ, ಇಲ್ಲ ಎಂದೆ. ಅವಳ ಕಾಗದಪತ್ರವೂ ಎಲ್ಲ ಸರಿಯಾಗಿಯೇ ಇತ್ತು.