ದೀಪ ಮುಟ್ಟದ ಮಾಸ್ತರ

ಎಮ್ಮೆ ಹಿಂಡಿದೆ. ಜೋಳ ಹಸನು ಮಾಡಿ ಗಿರಣಿಗೆ ಕಳಿಸಿದೆ. ಸಾರಿಸಲು ನೀರಿಲ್ಲದ್ದರಿಂದ ಅಂಗಳವನ್ನು ಬರೀ ಕಸಬರಿಗೆಯಲ್ಲಿ ಗುಡಿಸಿದೆ. ಕೂಸಿನ ಬಟ್ಟೆಗಳನ್ನು ಒಗೆಯದೆ ಹಾಗೇ ಬಿಸಿಲಿಗೆ ಹರವಿದೆ. ನಾದಿನಿ ಬಾಣಂತಿ, ಅವಳ ಮೈಗೆ ನೀರು ಬೀಳದೆ ದಿನಗಳಾಗಿದ್ದವು.

ತೊಂಬತ್ತರ ದಶಕದ ಬೈಲಹೊಂಗಲದಲ್ಲಿ ನಮ್ಮ ಓಣಿಗೆ ನಳದ್ದೇ ನೀರು. ನೀರು ಬಿಡುವವನು ಸಾವಕಾರರ ತೋಟಕ್ಕೆ ಮೊದಲು ಬಿಡುತ್ತಾನೆಂದು ವಾರಪತ್ರಿಕೆಯಲ್ಲಿ ಒಂದು ಪತ್ರ ಬಂತು. ಕೆಳಗೆ ಹೆಸರಿಲ್ಲ, ನಮ್ಮ ಓಣಿಯ ‘ನೊಂದ ನಾಗರಿಕ’ ಎಂದಷ್ಟೇ. ಬರೆದವರು ಬಂದು ತಪ್ಪೊಪ್ಪುವವರೆಗೆ ನಮ್ಮ ಓಣಿಗೆ ಹನಿ ನೀರಿಲ್ಲ ಎಂದು ಅವನು ಹಟ ಹಿಡಿದ.

ಹಿರಿಯರು ಓಣಿಯವರನ್ನು ಮಾರುತಿ ಗುಡಿಯಲ್ಲಿ ಕೂಡಿಸಿದರು. ಮನೆಗೊಬ್ಬರು ದೀಪ ಮುಟ್ಟಿ ‘ನಾ ಬರದಿಲ್ಲ’ ಎನ್ನಬೇಕು. ಎಲ್ಲರೂ ಮುಟ್ಟಿದರು. ಸಾಲಿ ಮಾಸ್ತರಾಗಿದ್ದ ನಮ್ಮ ಮಾವನವರು ಮಾತ್ರ ಎದ್ದು ನಿಂತರು.

“ಬರದಾಂವ ನಾ ಅಲ್ಲ. ಆದರ ಬರದದ್ದು ಖರೇ ಐತಿ. ಖರೇ ಮಾತಿಗೆ ಅಂಜಿ ಆಣಿ ಮಾಡಾಂವ ನಾ ಅಲ್ಲ.”

ಅಷ್ಟು ಸಾಕಾಯಿತು. ಬರೆದವರು ಇವರೇ ಎಂದು ಓಣಿ ತೀರ್ಮಾನಿಸಿತು.

ಸಂಜೆ ಎದುರುಮನೆಯ ಅರಿವೆ ಅಂಗಡಿಯವನು ಬಂದು ಕಟ್ಟೆಯ ಮೇಲೆ ಕುಳಿತ. ಮಾವನವರ ಹಳೆಯ ವಿದ್ಯಾರ್ಥಿ.

“ಮುಟ್ಟಿಬಿಡಬೇಕಿತ್ರಿ ಮಾಸ್ತರ. ಪತ್ರ ಬರದಾಂವ ನಾ, ನಾನs ಮುಟ್ಟೇನಿ. ಕೈ ಸುಟ್ಟೈತೇನು, ನೋಡ್ರಿಲ್ಲೆ!”

“ಹಂಗಾರ ನಡಿ, ಈಗ ಎಲ್ಲಾರ ಮುಂದ ಹೇಳು.”

“ಮಾಸ್ತರು ಸುಳ್ಳ ಹೇಳಾಕತ್ತಾರ ಅಂತೇನಿ. ನಾ ದೀಪ ಮುಟ್ಟಿದಾಂವ, ನೀವು ಮುಟ್ಟಲಾರದವ್ರು. ಓಣಿ ಯಾರನ್ನ ನಂಬತೈತ್ರಿ?” ಎಂದು ನಕ್ಕು, ನನ್ನ ಕಡೆ ತಿರುಗಿ ಚಹಾ ಕೇಳಿದ. ನೀರಿಲ್ಲ ಎಂದೆ.

ಒಳಗೆ ಕೂಸು ಅಳುತ್ತಿತ್ತು. ಮಾವನವರು ಟೊಪ್ಪಿಗೆ ಹಾಕಿಕೊಂಡು ನೀರು ಬಿಡುವವನ ಮನೆಗೆ ಹೊರಟರು. ನೋಡಲು ಅರ್ಧ ಓಣಿ ಬೆನ್ನು ಹತ್ತಿತು. ಅವನು ಹೊರಸಿನ ಮೇಲಿಂದ ಏಳಲಿಲ್ಲ.

“ತಪ್ಪಾತು,” ಎಂದರು ಮಾವನವರು.

“ಜೋರಾಗಿ ಹೇಳ್ರಿ ಮಾಸ್ತರ, ಸಾಲ್ಯಾಗ ಮಗ್ಗಿ ಹೇಳಸ್ತಿದ್ರೆಲಾ, ಹಂಗ!”

ಮಾವನವರು ಜೋರಾಗಿ ಹೇಳಿದರು. ಜನ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಅರಿವೆ ಅಂಗಡಿಯವನು.

ದೀಪ ಹಚ್ಚುವ ಹೊತ್ತಿಗೆ ನಳ ಬಂತು. ನಮ್ಮ ಕೊಡವನ್ನು ಸರಿಸಿ ಕೊನೆಗಿಟ್ಟರು. “ನಿಮ್ಮಿಂದನs ಇಷ್ಟೆಲ್ಲಾ ಆತಲ್ಲವಾ,” ಎಂದಳು ಅಂಗಡಿಯವನ ಹೆಂಡತಿ, ತನ್ನ ಹಂಡೆ ತುಂಬಿಸಿಕೊಳ್ಳುತ್ತ. ನಮ್ಮ ಪಾಳಿಗೆ ಸಣ್ಣಗೆ ಹರಿಯಿತು, ಬಾಣಂತಿಗೆ ಎರೆಯುವಷ್ಟಾಯಿತು.

ರೊಟ್ಟಿ, ಪುಂಡಿಪಲ್ಯ ಮಾಡಿದ್ದೆ. ನಾವೆಲ್ಲ ಉಂಡೆವು. ಮಾವನವರು ತಮ್ಮ ರೊಟ್ಟಿಯನ್ನು ಒಯ್ದು ಎಮ್ಮೆಗೆ ಹಾಕಿ ಬಂದರು. ಬಿಸಿನೀರು ಬಿದ್ದ ಸುಖಕ್ಕೆ ನಾದಿನಿ ಎಲ್ಲರಿಗಿಂತ ಮೊದಲು ಮಲಗಿದಳು.